ಬರಲ್ಲ ಅಂದ್ರೂ ಬಿಡಿಸಿ

ನಿಮ್ಮ ಪತ್ರ ಓದಿದೆ. ಆಫೀಸು, ಮನೆಗೆಲಸ ಮುಗಿಸಿ ರಾತ್ರಿ ಕೂತರೂ ತಲೆ ಗಿಜಿಗುಡುತ್ತಲೇ ಇರುತ್ತದೆ ಎಂದಿದ್ದೀರಿ. ಒಂದು ದಿನ ಮಗಳ ಕ್ರೇಯಾನ್ ಹಿಡಿದು ಏನೋ ಗೀಚಿದಿರಿ, ಮನಸ್ಸು ಹಗುರಾಯಿತು. ಮನೆಯವರು ಮಾತ್ರ ‘ಈ ವಯಸ್ಸಲ್ಲಿ ಇದೇನು’ ಎಂದು ನಕ್ಕರು. ‘ನನಗೆ ಚಿತ್ರ ಬರಲ್ಲ, ಸುಮ್ನೆ ಟೈಮ್ ವೇಸ್ಟ್ ಅಲ್ವಾ?’ ಎಂದು ಕೇಳಿದ್ದೀರಿ.

ಅಲ್ಲ. ಆ ‘ಬರಲ್ಲ’ವನ್ನು ಮೊದಲು ಪಕ್ಕಕ್ಕಿಡಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಮಂದಿ ವಯಸ್ಕರ ಮುಂದೆ ಮಾರ್ಕರ್, ಜೇಡಿಮಣ್ಣು, ಕಾಗದ ಇಟ್ಟು, 45 ನಿಮಿಷ ಏನು ಬೇಕಾದರೂ ಮಾಡಿ ಎಂದರು. ಮೊದಲೂ ಆಮೇಲೂ ಜೊಲ್ಲು ಪರೀಕ್ಷೆ ಮಾಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಕೈ ಪಳಗಿದವರು, ಪಳಗದವರು ಎಂಬ ಭೇದ ಕಾಣಲಿಲ್ಲ. ಇದು 2016ರಲ್ಲಿ ಪ್ರಕಟವಾಯಿತು. ಚಿಕ್ಕ ಅಧ್ಯಯನ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಹಾಗಾಗಿ ಬ್ರಹ್ಮವಾಕ್ಯ ಅಂದುಕೊಳ್ಳಬೇಡಿ.

ನನ್ನದೇ ಹೇಳುತ್ತೇನೆ. ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ನಾನು ಬೀಗದ ಕೈ ಬಿಡಿಸುತ್ತೇನೆ. ಕಾಗದ ನೋಡುವುದಿಲ್ಲ. ಕಣ್ಣು ಬೀಗದ ಕೈ ಮೇಲೆ, ಪೆನ್ಸಿಲ್ ಎತ್ತುವಂತಿಲ್ಲ. ಮೊದಲ ಸಲ ಹೀಗೆ ನೋಡಿದಾಗಲೇ ಗೊತ್ತಾಗಿದ್ದು, ಅದರ ಎರಡು ಹಲ್ಲು ಸವೆದಿವೆ, ತೂತಿನ ಅಂಚು ಉಜ್ಜಿ ಉಜ್ಜಿ ಹೊಳೆಯುತ್ತಿದೆ ಎಂದು. ವರ್ಷಗಟ್ಟಲೆ ಜೇಬಲ್ಲೇ ಇದ್ದದ್ದು! ಮುಗಿಸಿ ನೋಡಿದರೆ ಮೊಸಳೆಯೋ ಬಾಚಣಿಗೆಯೋ ಹೇಳುವುದು ಕಷ್ಟ. ಆದರೆ ಆ ಹತ್ತು ನಿಮಿಷ ನಾಳೆಯ ಚಿಂತೆ ನುಸುಳಲು ಜಾಗವೇ ಇರಲಿಲ್ಲ.

ಚಿತ್ರವೇ ಆಗಬೇಕೆಂದಿಲ್ಲ. ಹರಿದ ಬಟ್ಟೆಗೆ ಬಣ್ಣದ ದಾರದಲ್ಲಿ ತೇಪೆ ಹಾಕಿ, ಹಳೇ ಪೇಪರ್ ಕತ್ತರಿಸಿ ಅಂಟಿಸಿ, ಬಾಗಿಲು ಹಾಕಿಕೊಂಡು ಹಾಡಿ.

ಒಂದೇ ಕಿವಿಮಾತು. ಮಾಡಿದ್ದನ್ನೆಲ್ಲ ಫೋಟೊ ತೆಗೆದು ಹಾಕಬೇಡಿ. ಲೈಕ್ ಎಣಿಸಲು ಶುರುಮಾಡಿದರೆ ಅದೂ ಇನ್ನೊಂದು ಆಫೀಸೇ. ದಿನಾ ಮಾಡಲೇಬೇಕು ಎಂಬ ಶಪಥವೂ ಬೇಡ. ತಪ್ಪಿದ ದಿನ ತಪ್ಪಿತು, ಅಷ್ಟೆ.

ಹಾಗಂತ, ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಕ್ರೇಯಾನ್ ಸಾಲದು. ಡಾಕ್ಟರನ್ನು ಕಾಣಿ.

ನಕ್ಕವರ ಮುಂದೆಯೂ ಒಂದು ಹಾಳೆ ತಳ್ಳಿ ನೋಡಿ. ಮಗಳ ಕ್ರೇಯಾನ್ ಮಾತ್ರ ವಾಪಸ್ ಕೊಟ್ಟು ನಿಮಗೇ ಒಂದು ಡಬ್ಬಿ ತಂದುಕೊಳ್ಳಿ. ಇಲ್ಲದಿದ್ದರೆ ಹಳದಿ ಖಾಲಿ ಮಾಡಿದರೆಂದು ಅವಳೂ ನನಗೆ ಪತ್ರ ಬರೆದಾಳು.

– ಸಂ.