ಓದುಗರ ಪ್ರಶ್ನೆ: ಹೀಬ್ರೂ ಹೆಸರುಗಳ ಅರ್ಥ ಮತ್ತು ಮೂಲ

ಪ್ರಶ್ನೆ: ಡೇನಿಯಲ್, ಮೈಕೆಲ್, ಗೇಬ್ರಿಯಲ್, ಸ್ಯಾಮ್ಯುಯೆಲ್ ಮುಂತಾದ ಹೆಸರುಗಳೆಲ್ಲ ಒಂದೇ ಬಗೆಯಲ್ಲಿ ಮುಗಿಯುವುದೇಕೆ? ಹೀಬ್ರೂ ಹೆಸರುಗಳಿಗೆಲ್ಲ ಅರ್ಥವಿರುತ್ತದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಈ ಹೆಸರುಗಳ ಕೊನೆಯಲ್ಲಿರುವ ‘ಏಲ್’ ಎಂಬುದಕ್ಕೆ ದೇವರು ಎಂದರ್ಥ. ಈ ಪದ ಹೀಬ್ರೂ ಭಾಷೆಗಷ್ಟೇ ಸೇರಿದ್ದಲ್ಲ. ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿಯೂ ಏಲ್ ದೇವಗಣದ ಹಿರಿಯನಾಗಿ ಕಾಣಿಸಿಕೊಳ್ಳುತ್ತಾನೆ. ಪ್ರಾಚೀನ ಹೀಬ್ರೂ ಹೆಸರುಗಳಲ್ಲಿ ಬಹಳಷ್ಟು ಬರಿಯ ಪದಗಳಲ್ಲ, ಪುಟ್ಟ ವಾಕ್ಯಗಳು. ದಾನಿಯೇಲ್ ಎಂದರೆ ‘ದೇವರು ನನ್ನ ನ್ಯಾಯಾಧಿಪತಿ’. ಮೀಖಾಯೇಲ್ ಎಂಬುದಂತೂ ‘ದೇವರಿಗೆ ಸಮನಾದವರು ಯಾರು?’ ಎಂಬ ಪ್ರಶ್ನೆಯೇ ಹೆಸರಾಗಿ ನಿಂತದ್ದು.

ಹೀಬ್ರೂ ಮಾತನಾಡುತ್ತಿದ್ದ ಇಸ್ರಾಯೇಲರು ತಮ್ಮ ದೇವರ ವಿಶೇಷ ನಾಮವಾದ ಯಾಹ್ವೆ (ಕನ್ನಡ ಬೈಬಲಿನ ಯೆಹೋವ) ಎಂಬುದನ್ನೂ ಮೊಟಕುಗೊಳಿಸಿ ಹೆಸರಿನ ಮೊದಲಿಗೆ ‘ಯೆಹೋ’ ಅಥವಾ ‘ಯೋ’ ಎಂದೂ ಕೊನೆಗೆ ‘ಯಾಹು’ ಅಥವಾ ‘ಯಾ’ ಎಂದೂ ಸೇರಿಸುತ್ತಿದ್ದರು. ‘ನಾತನ್’ ಎಂದರೆ ‘ಕೊಟ್ಟನು’. ಈ ಒಂದು ಕ್ರಿಯಾಪದದಿಂದ ನೆತನೇಲ್, ಎಲ್ನಾತಾನ್, ಯೋನಾತಾನ್, ನೆತನ್ಯಾಹು ಎಂಬ ನಾಲ್ಕು ಹೆಸರುಗಳು ಹುಟ್ಟಿವೆ. ನಾಲ್ಕಕ್ಕೂ ತಾತ್ಪರ್ಯ ಒಂದೇ: ಈ ಮಗು ದೇವರು ಕೊಟ್ಟದ್ದು. ನಮ್ಮ ದೇವದತ್ತ ಎಂಬ ಹೆಸರಿನ ಭಾವವೂ ಇದೇ. ಹಾಗೆಯೇ ಯೋಹಾನಾನ್ ಮತ್ತು ಹನನ್ಯಾ ಎಂಬವು ‘ಯಾಹು ಕರುಣೆ ತೋರಿದನು’ ಎಂಬ ಒಂದೇ ವಾಕ್ಯವನ್ನು ಹಿಂದುಮುಂದಾಗಿ ಹೇಳುತ್ತವೆ. ಇವುಗಳಲ್ಲಿ ಮೊದಲನೆಯದೇ ಗ್ರೀಕ್, ಲ್ಯಾಟಿನ್ ಭಾಷೆಗಳ ಮೂಲಕ ಹಾದು ಜಾನ್, ಹುವಾನ್, ಇವಾನ್, ಜೊವಾನಿ ಎಂದಾಯಿತು. ಕನ್ನಡ ಬೈಬಲಿನಲ್ಲಿ ಯೋಹಾನ ಎಂದು ಉಳಿಯಿತು.

ದೇವರ ಪ್ರಸ್ತಾಪವೇ ಇಲ್ಲದ ಹೆಸರುಗಳೂ ಧಾರಾಳವಾಗಿವೆ, ನನಗೆ ಅವು ಹೆಚ್ಚು ಪ್ರಿಯ. ದೆಬೋರಾ ಎಂದರೆ ಜೇನುನೊಣ, ರಾಹೇಲ್ ಎಂದರೆ ಹೆಣ್ಣು ಕುರಿ, ಯೋನಾ ಎಂದರೆ ಪಾರಿವಾಳ, ತಾಮಾರ್ ಎಂದರೆ ಖರ್ಜೂರದ ಮರ. ಕುರಿ ಕಾಯುತ್ತ, ಬಯಲಲ್ಲಿ ಬಾಳುತ್ತಿದ್ದ ಜನ ಕಣ್ಣೆದುರಿನ ಜಗತ್ತಿನಿಂದಲೇ ಮಕ್ಕಳಿಗೆ ಹೆಸರನ್ನು ಆರಿಸಿಕೊಂಡರು.

ಪ್ರಶ್ನೆ: ಬೈಬಲಿನಲ್ಲಿಯೇ ಅನೇಕ ಹೆಸರುಗಳಿಗೆ ಅರ್ಥ ಕೊಟ್ಟಿದ್ದಾರೆ. ಅದನ್ನೇ ಮೂಲವೆಂದು ಒಪ್ಪಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಲ್ಲ ಕಡೆಯೂ ಒಪ್ಪಲಾಗದು. ಕಥೆಯಲ್ಲಿ ಹೆಸರಿಗೆ ದೊರೆಯುವ ಅರ್ಥ ಬೇರೆ, ಭಾಷಾಶಾಸ್ತ್ರ ಗುರುತಿಸುವ ಮೂಲ ಬೇರೆ. ಸಮುವೇಲನ ಹೆಸರನ್ನೇ ನೋಡಿ. ಮಕ್ಕಳಿಲ್ಲದೆ ಕೊರಗುತ್ತಿದ್ದ ಹನ್ನಳು ಶೀಲೋವಿನ ಆಲಯದಲ್ಲಿ ಅತ್ತು ಪ್ರಾರ್ಥಿಸಿ, ಮಗ ಹುಟ್ಟಿದ ಮೇಲೆ, ದೇವರಲ್ಲಿ ಬೇಡಿ ಪಡೆದವನೆಂದು ಅವನನ್ನು ಶೆಮುಏಲ್ ಎಂದು ಕರೆದಳು ಎನ್ನುತ್ತದೆ ಕಥೆ. ಆದರೆ ಬೇಡು ಎಂಬುದಕ್ಕೆ ಹೀಬ್ರೂವಿನಲ್ಲಿ ‘ಶಾಅಲ್’ ಎನ್ನುತ್ತಾರೆ. ಅದರಿಂದ ಸಹಜವಾಗಿ ಬರುವ ಹೆಸರು ಶಾವುಲ್, ಅಂದರೆ ಸೌಲ, ಮುಂದೆ ಇದೇ ಸಮುವೇಲನು ಅಭಿಷೇಕಿಸಿದ ಇಸ್ರಾಯೇಲಿನ ಮೊದಲ ಅರಸ. ಶೆಮುಏಲ್ ಎಂಬುದು ‘ದೇವರ ಹೆಸರು’ ಅಥವಾ ‘ಆತನ ಹೆಸರು ಏಲ್’ ಎಂಬ ಅರ್ಥಕ್ಕೆ ಹತ್ತಿರ. ಹಾಗೆಂದು ಕಥೆಗಾರನು ತಪ್ಪಿದನೆಂದು ತಿಳಿಯಬಾರದು. ಧ್ವನಿಸಾಮ್ಯವನ್ನು ಹಿಡಿದು ಹೆಸರಿಗೆ ಬದುಕಿನ ಸಂದರ್ಭವನ್ನು ಕೂಡಿಸುವುದು ಆ ಕಾಲದ ಕಥನಕಲೆ, ಮತ್ತು ಹನ್ನಳ ಸಂಕಟವನ್ನು ನಮಗೆ ತಲುಪಿಸುವುದು ಆ ಕಲೆಯೇ ಹೊರತು ವ್ಯಾಕರಣವಲ್ಲ.

ಮೋಶೆಯ (ಇಂಗ್ಲಿಷಿನ ಮೋಸೆಸ್) ಹೆಸರಿನಲ್ಲಿಯೂ ಹೀಗೆಯೇ ಆಗಿದೆ. ನೀರಿನಿಂದ ಎಳೆದು ತೆಗೆದದ್ದರಿಂದ ಈ ಹೆಸರು ಬಂತೆಂದು ಬೈಬಲಿನ ವಿಮೋಚನಕಾಂಡ ಹೇಳಿದರೂ, ಬಹುಪಾಲು ವಿದ್ವಾಂಸರು ಇದನ್ನು ‘ಹುಟ್ಟಿದವನು’ ಎಂಬರ್ಥದ ಈಜಿಪ್ಟಿನ ಪದವೆಂದೇ ಎಣಿಸುತ್ತಾರೆ. ಥುತ್ಮೋಸ್ ಎಂಬ ಫರೋಹನ ಹೆಸರಿನ ಕೊನೆಯಲ್ಲಿಯೂ ಅದೇ ಪದವಿದೆ.

ಪ್ರಶ್ನೆ: ಈ ಹೆಸರುಗಳಿಗೂ ನಮ್ಮ ನಾಡಿಗೂ ಹಳೆಯ ಸಂಬಂಧವೇನಾದರೂ ಇದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಊರಿನಲ್ಲಿಯೇ ಇದೆ. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದನು. ಅವನ ಕಾಗದಪತ್ರಗಳು ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಮಂದಿರವೊಂದರ ಸಂಗ್ರಹದಲ್ಲಿ ಉಳಿದು ಬಂದಿವೆ. 1132ರಲ್ಲಿ ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರದಲ್ಲಿ ಆಕೆಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೊಸ ಹೆಸರಿದೆ. ಹೊರಗಿನಿಂದ ಯೆಹೂದಿ ಧರ್ಮಕ್ಕೆ ಬಂದು ಸೇರಿದವರನ್ನು ಮೂಲಪುರುಷ ಅಬ್ರಹಾಮನ ಮಗ ಅಥವಾ ಮಗಳೆಂದೇ ಕರೆಯುವುದು ಅವರಲ್ಲಿ ರೂಢಿ. ಗಂಡಿಗೆ ‘ಬೆನ್’, ಹೆಣ್ಣಿಗೆ ‘ಬತ್’. ಬಿಜಾಪುರದ ಆದಿಲ್‌ಶಾಹಿ ಅರಸರಲ್ಲಿ ಕಾಣುವ ಇಬ್ರಾಹಿಂ ಎಂಬುದು ಅದೇ ಅಬ್ರಹಾಮನ ಹೆಸರಿನ ಅರಬ್ಬೀ ರೂಪ.

ಬೆನ್ ಯಿಜುವಿನ ತಂದೆಯ ಹೆಸರು ಪೆರಹ್ಯಾ. ‘ಪೆರಹ್’ ಎಂದರೆ ಹೂ. ಬೆನ್ ಯಿಜುವಿನ ಸೋದರನ ಮಗನ ಹೆಸರೂ ಪೆರಹ್ಯಾ. ನಮ್ಮಲ್ಲಿರುವಂತೆ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಅವರಲ್ಲಿಯೂ ಇತ್ತು. ಸ್ಪೇನ್ ಮೂಲದ ಸೆಫಾರ್ದಿ ಯೆಹೂದಿಗಳು ಅಜ್ಜ ಬದುಕಿರುವಾಗಲೇ ಆತನ ಹೆಸರನ್ನು ಮಗುವಿಗಿಡುತ್ತಾರೆ. ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜಿಗಳು ಬದುಕಿರುವವರ ಹೆಸರನ್ನು ಇಡದೆ, ತೀರಿಕೊಂಡ ಹಿರಿಯರ ಹೆಸರನ್ನಷ್ಟೇ ಮುಂದುವರಿಸುತ್ತಾರೆ.