3 ವರ್ಷದ ಮಗುವಿಗೆ ಆಸ್ತಮಾ. ದಿನಾ ಸ್ಟೀರಾಯ್ಡ್ ಇನ್ಹೇಲರ್ ಕೊಟ್ಟರೆ ಬೆಳವಣಿಗೆ ನಿಲ್ಲುತ್ತಾ?

ನಿಲ್ಲುವುದಿಲ್ಲ. ಸ್ಟೀರಾಯ್ಡ್ ಅಂದ ಕೂಡಲೇ ಯಾವ ತಾಯಿಗಾದರೂ ಎದೆ ಝಲ್ಲೆನ್ನುತ್ತದೆ, ನಿಮ್ಮ ಭಯ ಸಹಜ. ಆದರೆ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇನ್ಹೇಲರ್‌ನಲ್ಲಿ ಹೋಗುವುದು ಮೈಕ್ರೋಗ್ರಾಂ ಲೆಕ್ಕದ ಔಷಧಿ, ಅದೂ ನೇರವಾಗಿ ಶ್ವಾಸನಾಳಕ್ಕೆ. ಕುಡಿಸುವ ಸ್ಟೀರಾಯ್ಡ್ ಸಿರಪ್ ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ ಹರಡುತ್ತದೆ. ಮೊದಲ ವರ್ಷ ಎತ್ತರ ಬೆಳೆಯುವುದು ಸುಮಾರು ಅರ್ಧ ಸೆಂಟಿಮೀಟರ್ ಕಡಿಮೆಯಾಗಬಹುದು, ಅಷ್ಟೇ. ಪದೇ ಪದೇ ಉಬ್ಬಸ ಬಂದು ಮಗು ರಾತ್ರಿಯೆಲ್ಲ ಒದ್ದಾಡುವುದು ಅದಕ್ಕಿಂತ ಅಪಾಯ ಅಲ್ವಾ? ಮಾಸ್ಕ್ ಇರುವ ಸ್ಪೇಸರ್‌ನಲ್ಲೇ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಕೊಡಿ, ಆಮೇಲೆ ಬಾಯಿ, ಮುಖ ತೊಳೆಸಿ. ಕೆಮ್ಮು ನಿಂತಿತು ಅಂತ ಸುಮ್ನೆ ನೀವೇ ನಿಲ್ಲಿಸಬೇಡಿ, ಡೋಸ್ ಇಳಿಸಬಹುದಾ ಅಂತ 3 ತಿಂಗಳಿಗೊಮ್ಮೆ ಡಾಕ್ಟರನ್ನು ಕೇಳಿ. ಊದುಬತ್ತಿ, ಸೊಳ್ಳೆ ಬತ್ತಿ ಹೊಗೆ ಮನೆಯಲ್ಲಿ ಬೇಡವೇ ಬೇಡ. ಉಬ್ಬಸ ಬಂದಾಗ ತಕ್ಷಣ ಆರಾಮ ಕೊಡುವ ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟರೂ ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.