ದೆಹಲಿಗೆ ಹೋದರೆ ಚಾರ್ಜಿಂಗ್ ನಿಯಮ ಬದಲಾಗುತ್ತದಾ?

ಬೆಂಗಳೂರಿಂದ ದೆಹಲಿಗೆ ವರ್ಗ ಆಗಿದೆ, ಬಾಡಿಗೆ ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡೋಕೆ ಅಲ್ಲಿನ ನಿಯಮ ಬೇರೆನಾ ಅಂತ ಕೇಳಿದ್ದೀರಿ. ನಾನು ಎರಡೂ ಊರಲ್ಲಿ ಕಾರು ಇಟ್ಟುಕೊಂಡಿದ್ದವನು.

ಮೂಲ ನಿಯಮ ಎರಡೂ ಕಡೆ ಒಂದೇ, ಅದು ಕೇಂದ್ರದ್ದು. ಮನೆಗೆ ಈಗಿರುವ ಮೀಟರಿನಿಂದಲೇ ಕಾರು ಚಾರ್ಜ್ ಮಾಡಬಹುದು ಅಂತ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿತ್ತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ ಕಾರಿಗೇ ಅಂತ ಬೇರೆ ಮೀಟರ್ ಕೇಳಬಹುದು. ಹೊಸ ಲೈನ್ ಎಳೆಯುವ ಕೆಲಸ ಇಲ್ಲದಿದ್ದರೆ ಮಹಾನಗರಗಳಲ್ಲಿ 3 ದಿನದಲ್ಲಿ ಕನೆಕ್ಷನ್ ಕೊಡಬೇಕು. ಹೊಸ ಕಟ್ಟಡಗಳಲ್ಲಿ ಪಾರ್ಕಿಂಗಿನ 20% ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂತ 2019ರಲ್ಲೇ ಕೇಂದ್ರದ ಮಾದರಿ ನಿಯಮ ಬಂತು, ಆದರೆ ಹಳೆ ಮನೆ ಹಿಡಿಯುವವರಿಗೆ ಅದರಿಂದ ಏನೂ ಸಿಗಲ್ಲ.

ವ್ಯತ್ಯಾಸ ಗೊತ್ತಾಗೋದು ಬಿಲ್ಲಲ್ಲಿ. ತಿಂಗಳಿಗೆ 1000 ಕಿ.ಮೀ. ಓಡಿಸಿದರೆ ಸುಮಾರು 130-150 ಯೂನಿಟ್ ಬೇಕು. ಇಲ್ಲಿ ಗೃಹಜ್ಯೋತಿ ಇದ್ದು, ಕಾರಿನಿಂದಾಗಿ ಮನೆ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ದೆಹಲಿಯಲ್ಲಿ ಸ್ಲ್ಯಾಬ್ ಲೆಕ್ಕ. 201ರಿಂದ 400 ಯೂನಿಟ್‌ವರೆಗೆ ಸಬ್ಸಿಡಿ ಇದೆ, 400 ದಾಟಿದರೆ ಅದು ಹೋಗುತ್ತದೆ, ಮೇಲಿನ ಯೂನಿಟ್‌ಗಳಿಗೆ ದರವೂ ಜಾಸ್ತಿ. ಬೇಸಿಗೆಯಲ್ಲಿ ಎಸಿ ಜೊತೆ ಕಾರೂ ಸೇರಿದರೆ 400 ಯಾವ ಮೂಲೆಗೆ? ನಾನಿದ್ದಾಗ ಅಲ್ಲಿ ಕಾರಿನ ಬೇರೆ ಮೀಟರಿಗೆ ಯೂನಿಟ್‌ಗೆ 4.50 ರೂಪಾಯಿ ಇತ್ತು. ಹಾಗಾಗಿ ಮೊದಲ ವಾರವೇ ಅದಕ್ಕೆ ಅರ್ಜಿ ಹಾಕಿ.

ಇನ್ನೊಂದು ವಿಷಯ ಯಾವ ನಿಯಮದಲ್ಲೂ ಸಿಗಲ್ಲ. ಬೆಂಗಳೂರಲ್ಲಿ ನಮ್ಮ ಮೀಟರ್ ರೂಮು ಬೇಸ್‌ಮೆಂಟಿನ ಒಂದು ತುದಿ, ನನ್ನ ಪಾರ್ಕಿಂಗ್ ಇನ್ನೊಂದು ತುದಿ. 45 ಮೀಟರ್ ಕೇಬಲ್ ಬೇಕಿತ್ತು. ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಅಂತ ಅಸೋಸಿಯೇಷನ್‌ನವರು ಐದು ತಿಂಗಳು ಎಳೆದರು. ಅವರ ಹೆದರಿಕೆ ಸುಳ್ಳಲ್ಲ, ಆದರೆ ಐದು ತಿಂಗಳು ಆಫೀಸ್ ಹತ್ತಿರ ಕಾದು ಕಾದು ಚಾರ್ಜ್ ಮಾಡಿಸಿಕೊಂಡವನು ನಾನು. ಕೊನೆಗೆ ಎಲೆಕ್ಟ್ರಿಷಿಯನ್ ಹತ್ತಿರ ಕೇಬಲ್ ಗಾತ್ರ, ಪೈಪ್ ಹೋಗುವ ದಾರಿ, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಎಲ್ಲಿ ಅಂತ ಒಂದು ಹಾಳೆಯಲ್ಲಿ ಬರೆಸಿ, ಮನೆ ಮಾಲೀಕರ ಸಹಿ ಹಾಕಿಸಿ ಕೊಟ್ಟ ಮೇಲೆ ಒಪ್ಪಿದರು. ದೆಹಲಿಯಲ್ಲಿ ನಾನಿದ್ದದ್ದು ಬಿಲ್ಡರ್ ಫ್ಲೋರ್, ಅಂದರೆ ಮಹಡಿಗೊಂದು ಮನೆ ಇರುವ ಚಿಕ್ಕ ಕಟ್ಟಡ. ಕೆಳಗೆ ಪಾರ್ಕಿಂಗ್, ಅದೇ ಗೋಡೆ ಮೇಲೆ ನಾಲ್ಕೂ ಮನೆಯ ಮೀಟರ್. ಆರು ಮೀಟರ್ ಉದ್ದದ ವೈರ್ ಸಾಕಾಯ್ತು, ಒಂದೇ ಬೆಳಗ್ಗೆ ಕೆಲಸ ಮುಗೀತು.

ಮನೆ ನೋಡೋಕೆ ಹೋದಾಗ ಮೊದಲು ಪಾರ್ಕಿಂಗಿಗೆ ಹೋಗಿ, ಮೀಟರ್ ಎಲ್ಲಿದೆ ನೋಡಿ. ಬಾಡಿಗೆ ಕರಾರಿನಲ್ಲೇ ಚಾರ್ಜರ್ ಹಾಕಿಸಲು ಒಪ್ಪಿಗೆ ಇದೆ ಅಂತ ಒಂದು ಸಾಲು ಬರೆಸಿಕೊಳ್ಳಿ, ಅಡ್ವಾನ್ಸ್ ಕೊಡುವ ಮುಂಚೆಯೇ.